ತುಣುಕಿಗೆ ಸೂಜಿ

ಮೊಮ್ಮಗಳ ಕೈ ಮಣಿಕಟ್ಟಿನವರೆಗೂ ನಾಯಿಯ ಬಾಯೊಳಗಿತ್ತು. ಹಲ್ಲು ಎಣಿಸುವ ಆಟ ಅದು. ಮಗುವಿಗೆ ಎಣಿಕೆ ಐದರಿಂದ ಆಚೆ ಬಾರದ್ದರಿಂದ ಮತ್ತೆ ಮತ್ತೆ ಒಂದರಿಂದಲೇ ಶುರುವಾಗುತ್ತಿತ್ತು. ತುಣುಕಿ ಬಾಯಿ ಅಗಲಿಸಿಕೊಂಡು, ಕಣ್ಣು ಅರೆಮುಚ್ಚಿ, ಕ್ಷೌರದ ಕುರ್ಚಿಯಲ್ಲಿ ಕೂತವರ ಹಾಗೆ ತನ್ನನ್ನು ಒಪ್ಪಿಸಿಕೊಂಡು ಕೂತಿತ್ತು. ಸೋಫಾದ ಚೌಕಟ್ಟಿನ ಮೇಲೆ ಬಗ್ಗಿದ್ದ ಕುಶನ್ ಮೇಸ್ತ್ರಿಗೆ ನಗು ಬಂತು. ಆದರೆ ಬಾಯಿತುಂಬ ಸಣ್ಣ ಮೊಳೆಗಳಿದ್ದವು. ಒಂದೊಂದನ್ನೇ ನಾಲಿಗೆಯಿಂದ ತುಟಿಗೆ ತಂದು, ಸುತ್ತಿಗೆಯ ಅಯಸ್ಕಾಂತದ ತುದಿಗೆ ಅಂಟಿಸಿ, ಗೋಣಿಬಟ್ಟೆಯನ್ನು ಮರಕ್ಕೆ ಬಡಿಯುತ್ತಿದ್ದ ಅವನು ಮೂಗಿನಲ್ಲೇ ನಕ್ಕು ಸುಮ್ಮನಾದ.

"ಕೈ ತೆಗಿ."

ಒಳಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ದನಿ ಜೋರಾಗಿರಲಿಲ್ಲ. ಜೋರಾಗಿದ್ದರೆ ಮಗು ಹಟ ಮಾಡುತ್ತಿತ್ತೇನೋ. ಅಜ್ಜಿಯ ಮುಖ ನೋಡಿ ತಟ್ಟನೆ ಕೈ ಹೊರಗೆಳೆದುಕೊಂಡಿತು. ಅಜ್ಜಿ ಅದನ್ನು ಎತ್ತಿಕೊಂಡು ಹೋಗಿ ನಲ್ಲಿಯ ಕೆಳಗೆ ಆ ಕೈಯನ್ನು ಸೋಪು ಹಾಕಿ ತೊಳೆದಳು. ಒಮ್ಮೆ ತೊಳೆದದ್ದು ಸಾಲದೆಂಬಂತೆ ಮತ್ತೊಮ್ಮೆ ತೊಳೆದಳು. ಬೆಳಕಿಗೆ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮಗ್ಗುಲು ಬದಲಿಸಿ ನೋಡಿದಳು. ಮಗುವಿಗೆ ಇದೂ ಆಟವೇ ಆಯಿತು.

ಮೇಸ್ತ್ರಿ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡ. "ಏನಾಯ್ತೇ ನಿನಗೆ?"

"ಮರದ ಮಿಲ್ಲಿನ ಹತ್ರ ಮುನ್ಸಿಪಾಲ್ಟಿಯೋರು ಒಂದು ನಾಯಿ ಹಿಡ್ಕೊಂಡು ಹೋಗಿದ್ರಲ್ಲ. ಯಾರನ್ನೂ ನೋಡದೆ ನೆಟ್ಟಗೆ ನಡ್ಕೊಂಡು ಹೋಗ್ತಾನೇ ಇತ್ತಂತೆ. ಬಾಯಿ ಮುಚ್ಚಕ್ಕೆ ಆಗ್ತಿರ್ಲಿಲ್ವಂತೆ. ಪರೀಕ್ಷೆ ಮಾಡಿ, ಹೌದು, ಹುಚ್ಚೇ ಅಂದ್ರಂತೆ."

"ಅದಕ್ಕೂ ನಮ್ಮ ತುಣುಕಿಗೂ ಏನು? ಇದು ಮನೆ ಬಿಟ್ಟು ಎಲ್ಲಿಗೆ ಹೋಗುತ್ತೆ?"

"ಮೊನ್ನೆ ಗಿರಾಕಿ ಗೇಟು ತೆಗೆದಿಟ್ಟಾಗ ಹೋಗಿರ್ಲಿಲ್ವಾ? ಚಪ್ಪಲೀನೂ ಹಾಕ್ಕೊಳ್ಳದೆ ಹಿಂದೆ ಓಡಿದ್ದು ಯಾರು?"

ಮೇಸ್ತ್ರಿ ಅಂಗೈಯ ಮೊಳೆಗಳನ್ನು ಬೆರಳಿನಿಂದ ಎಣಿಸತೊಡಗಿದ.

"ಸೂಜಿ ಹಾಕಿಸ್ಕೊಂಡು ಬನ್ನಿ ರೀ," ಎಂದಳು.

ಅವನು ಮೊಳೆಗಳನ್ನು ಮತ್ತೆ ಬಾಯಿಗೆ ತುಂಬಿಕೊಂಡ. ಮಾತು ಬೇಡವಾದಾಗಲೆಲ್ಲ ಅವನು ಮಾಡುತ್ತಿದ್ದುದೇ ಹಾಗೆ.

ಮೊಮ್ಮಗಳು ಹುಟ್ಟಿದ ವರ್ಷ ಆ ಮನೆಯಲ್ಲಿ ಬೇರೆ ನಾಯಿ ಇತ್ತು. ದೊರೆ ಎಂದು ಕರೆಯುತ್ತಿದ್ದರು. ಹೆಸರಿಗೆ ತಕ್ಕ ಗತ್ತು. ಹೊಸದಾಗಿ ಕಟ್ಟಿದ ಸೋಫಾದ ಮೇಲೆ ಗಿರಾಕಿಗಿಂತ ಮೊದಲು ಅದೇ ಕೂತು ನೋಡಬೇಕು; ಮೇಸ್ತ್ರಿಯೂ ಬೇಡವೆನ್ನುತ್ತಿರಲಿಲ್ಲ. ಮಗಳ ಬಸಿರು ತುಂಬುತ್ತಿದ್ದಾಗ, ಮನೆಗೆ ಮಗು ಬರುವುದರೊಳಗೆ ನಾಯಿಗೆ ಎಲ್ಲ ಸೂಜಿಗಳನ್ನೂ ಹಾಕಿಸಿಬಿಡೋಣವೆಂದು ಅವನೇ ದೊರೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ತಲೆಯನ್ನು ತನ್ನ ಕಂಕುಳಿಗೆ ಒತ್ತಿ ಹಿಡಿದುಕೊಂಡವನೂ ಅವನೇ. ಎಲ್ಲ ಸೂಜಿಯೂ ಒಂದೇ ಸಲ. ದೊರೆ ಕುಂಯ್ ಎನ್ನಲಿಲ್ಲ. ಅಂಗಡಿಯ ಮುಂದೆ ಸೋಫಾ ಒಯ್ಯುವ ವ್ಯಾನು ಬಂದು ಕಾಯುತ್ತಿತ್ತು, ಆದ್ದರಿಂದ ಕೂಡಲೇ ಆಟೋ ಹಿಡಿದು ಹೊರಟ. ಸ್ವಲ್ಪ ಹೊತ್ತು ಅಲ್ಲೇ ಕೂತಿರಿ ಎಂದು ಆಗಿನ ಡಾಕ್ಟರು ಹೇಳಿದ್ದರೋ, ಅವನಿಗೇ ಕೇಳಿಸಲಿಲ್ಲವೋ, ಅಥವಾ ಅವರು ಹೇಳಲೇ ಇಲ್ಲವೋ, ಈಗಲೂ ಅವನಿಗೆ ಗೊತ್ತಿಲ್ಲ. ಆಟೋದಲ್ಲಿ ದೊರೆ ಮೊದಲು ವಾಂತಿ ಮಾಡಿತು. ಆಮೇಲೆ ಕಣ್ಣಿನ ಸುತ್ತ ಊದಿತು, ತುಟಿ ಊದಿತು. ತಿರುಗಿಸು ತಿರುಗಿಸು ಎಂದು ಆಟೋದವನಿಗೆ ಕೂಗುತ್ತಿರುವಾಗಲೇ ಕಾಲುಗಳು ಸೋತವು. ಉಸಿರು ನಿಲ್ಲುವವರೆಗೂ ಅದು ಅವನ ಮುಖವನ್ನೇ ನೋಡುತ್ತಿತ್ತು. ಏನೋ ಆಗುತ್ತಿದೆ, ಇವನು ಸರಿ ಮಾಡುತ್ತಾನೆ ಎನ್ನುವ ಹಾಗೆ.

ಅದಾದ ಕೆಲವು ವಾರಕ್ಕೆ ಪಕ್ಕದ ಬೀದಿಯ ಹೆಣ್ಣುನಾಯಿ ಮರಿ ಹಾಕಿತು. ಒಂದರ ಎದೆಯ ಮೇಲೆ ದೊರೆಗಿದ್ದಂಥದ್ದೇ ಬಿಳಿ ಮಚ್ಚೆ. ಅಪ್ಪ ಯಾರೆಂದು ಯಾರೂ ಕೇಳಬೇಕಾಗಿರಲಿಲ್ಲ. ಹೆಂಡತಿ ಅದನ್ನು ಸೆರಗಿನಲ್ಲಿಟ್ಟು ತಂದು ಫೋಮಿನ ತುಣುಕುಗಳನ್ನು ಹಾಕುವ ಪೆಟ್ಟಿಗೆಯಲ್ಲಿ ಬಿಟ್ಟಳು. ಹೆಸರು ಅಲ್ಲೇ ಹುಟ್ಟಿತು.

ಮೇಸ್ತ್ರಿ ಯಾರಿಗೂ ಹೇಳದ ಒಂದು ಮಾತಿತ್ತು. ಮಧ್ಯಾಹ್ನದ ಹೊತ್ತು, ಬೀದಿಯ ಸದ್ದಡಗಿದಾಗ, ಕೆಲಸದ ಮೇಜಿನ ಅಡಿಯಿಂದ ಅವನಿಗೆ ಬಾಲ ಬಡಿಯುವ ಸದ್ದು ಕೇಳುತ್ತಿತ್ತು. ಧಪ್, ಧಪ್. ಮೊದಮೊದಲು ತುಣುಕಿಯದೇ ಇರಬೇಕೆಂದುಕೊಂಡಿದ್ದ. ಆದರೆ ತುಣುಕಿ ಆಗ ಅಂಗಳದಲ್ಲಿ ಬಿಸಿಲು ಕಾಯಿಸುತ್ತಿರುತ್ತಿತ್ತು. ಒಂದು ದಿನ ಚಪ್ಪಲಿ ಬಿಚ್ಚಿ ಬರಿಗಾಲನ್ನು ಮೆಲ್ಲಗೆ ಮೇಜಿನಡಿಗೆ ಚಾಚಿದ. ತಣ್ಣನೆಯ ನೆಲ, ಒಂದಿಷ್ಟು ನಾರು, ಅಷ್ಟೇ. ಆದರೂ ಕಾಲನ್ನು ಕೂಡಲೇ ಹಿಂದೆಗೆದುಕೊಳ್ಳಲು ಮನಸ್ಸು ಬರಲಿಲ್ಲ.

ಸೂಜಿಯ ಮಾತು ಅಲ್ಲಿಗೆ ನಿಲ್ಲಲಿಲ್ಲ. ಬೀದಿಯಲ್ಲಿ ಎಲ್ಲರೂ ಡಾಕ್ಟರೇ. ರೆಕ್ಸಿನ್ ತಂದುಕೊಡುವವನು, "ನಮ್ಮಪ್ಪ ಸಾಕಿದ ನಾಯಿಗಳು ಒಂದಕ್ಕೂ ಸೂಜಿ ಕಂಡಿಲ್ಲ, ಮುದಿಯಾಗಿ ಸತ್ವು," ಎಂದ. ದಿಂಬಿನ ಗವಸು ಹೊಲಿಸಲು ಬಂದ ಟೀಚರಮ್ಮ, "ಹಾಕಿಸದೆ ಇಟ್ಕೊಂಡಿದ್ದೀರಾ? ಮಗು ಇರೋ ಮನೇಲಿ?" ಎಂದು ಕಾಲು ಮೇಲೆತ್ತಿಕೊಂಡೇ ಮಾತು ಮುಗಿಸಿ ಹೋದರು. ಮೇಸ್ತ್ರಿ ಇಬ್ಬರ ಮಾತಿಗೂ ತಲೆದೂಗಿದ. ಇಬ್ಬರು ಹೇಳಿದ್ದೂ ನಿಜವೆಂದೇ ಅವನಿಗೆ ಅನ್ನಿಸುತ್ತಿತ್ತು, ಕಷ್ಟ ಇದ್ದದ್ದೇ ಅಲ್ಲಿ. ದೊರೆಯ ರಕ್ತ ತುಣುಕಿಯಲ್ಲಿ ಹರಿಯುತ್ತಿದೆ. ಅಪ್ಪನನ್ನು ಕೊಂದದ್ದು ಮಗಳನ್ನು ಬಿಡುತ್ತದೆಂದು ಯಾವ ಧೈರ್ಯ? ಹಾಗಂತ ಬಿಟ್ಟರೆ, ಮೊಮ್ಮಗಳ ಆ ಪುಟ್ಟ ಕೈ.

ಅವನು ಗೇಟಿಗೆ ಇನ್ನೊಂದು ಕೊಂಡಿ ಹಾಕಿಸಿದ. ಅದೇ ಪರಿಹಾರವೆಂದು ನಂಬಲು ನೋಡಿದ.

ಒಂದು ಮಧ್ಯಾಹ್ನ ಗಾಳಿ ಎದ್ದಿತ್ತು. ಬೀದಿಯ ಧೂಳು ಒಳಕ್ಕೆ ನುಗ್ಗಿ ಹೊಸ ಬಟ್ಟೆಯ ಮೇಲೆ ಕೂರುತ್ತಿತ್ತು. ಮೊಮ್ಮಗಳು ಫೋಮಿನ ಹಾಳೆಯ ಮೇಲೆ ನಿದ್ದೆ ಹೋಗಿದ್ದಳು. ತುಣುಕಿ ಅವಳ ಬೆನ್ನಿಗೆ ಅಂಟಿಕೊಂಡು ಮಲಗಿತ್ತು. ಮೇಸ್ತ್ರಿ ಎದ್ದು ಬೀದಿಬಾಗಿಲನ್ನು ಮುಚ್ಚಿ, ನಡುಮನೆಯ ಬಾಗಿಲಿಗೆ ಒತ್ತುಕೊಟ್ಟಿದ್ದ ಅಂಟಿನ ಡಬ್ಬಿಯನ್ನು ಕಾಲಲ್ಲಿ ಸರಿಸಿ ಅದನ್ನೂ ಎಳೆದುಕೊಂಡ.

"ಮುಚ್ಚಬೇಡಿ," ಒಳಗಿನಿಂದ ಹೆಂಡತಿಯ ದನಿ ಬಂತು.

"ಧೂಳು ಬರ್ತಿದೆ ಕಣೇ."

"ಬರ್ಲಿ. ಮುಚ್ಚಬೇಡಿ."

ಅವನಿಗೆ ರೇಗಿತು. "ನಾಯಿ ಹೊರಗೆ ಹೋಗುತ್ತೆ ಅಂತ ನೀನೇ ಬಡ್ಕೋತೀಯ. ಮುಚ್ಚಿದ್ರೆ ಮುಚ್ಚಬೇಡ ಅಂತಾನೂ ನೀನೇ ಅಂತೀಯ. ಮದುವೆ ಆದಾಗಿಂದ ನೋಡ್ತಿದ್ದೀನಿ, ಈ ಮನೇಲಿ ಒಂದು ಬಾಗಿಲು ನೆಟ್ಟಗೆ ಮುಚ್ಚಿದ್ದಿಲ್ಲ. ಏನು ನಿನ್ನ ಕಥೆ?"

ಅವಳು ಬಂದು ಡಬ್ಬಿಯನ್ನು ಮೊದಲಿನ ಜಾಗಕ್ಕೇ ಇಟ್ಟಳು. ಹಿಂದಿರುಗಿ ಹೋಗಲಿಲ್ಲ. ಇನ್ನೂ ಬಟ್ಟೆ ಹೊದಿಸದ ಸೋಫಾದ ಅಂಚಿನ ಮೇಲೆ, ಸ್ಪ್ರಿಂಗುಗಳ ಪಕ್ಕದ ಮರದ ಪಟ್ಟಿಯ ಮೇಲೆ ಕೂತಳು.

"ನನಗೊಬ್ಬ ಅಣ್ಣ ಇದ್ದ, ಗೊತ್ತಲ್ಲ?"

ಗೊತ್ತಿತ್ತು. ಚಿಕ್ಕಂದಿನಲ್ಲೇ ಜ್ವರ ಬಂದು ತೀರಿಕೊಂಡ ಎಂದು ಮಾವ ಒಮ್ಮೆ ಹೇಳಿದ್ದರು. ಆ ಮನೆಯಲ್ಲಿ ಅವನ ಒಂದು ಫೋಟೋ ಕೂಡ ಇರಲಿಲ್ಲ.

"ಜ್ವರ ಅಲ್ಲ," ಎಂದಳು. "ನಾಯಿ. ಬೀದೀದಲ್ಲ, ನಮ್ಮನೇದೇ. ಇವನೂ ಅದೂ ಚೆಂಡು ಕಿತ್ತಾಡೋವಾಗ ಹೆಬ್ಬೆರಳ ಹತ್ರ ಹಲ್ಲು ತಾಗಿ ಗೀರಾಯ್ತು. ರಕ್ತಾನೂ ಸರಿಯಾಗಿ ಬರ್ಲಿಲ್ಲ. ಅಮ್ಮ ಒರೆಸಿ ಬಟ್ಟೆ ಕಟ್ಟಿದ್ಳು. ಆ ವಾರಾನೇ ನಾಯಿ ಸತ್ತೋಯ್ತು. ಯಾರೋ ವಿಷ ಹಾಕಿರ್ಬೇಕು ಅಂದ್ಕೊಂಡ್ವಿ. ಅಣ್ಣಾನೇ ಗುಂಡಿ ತೋಡಿ ಮಣ್ಣು ಮಾಡಿದ. ಇಬ್ರೂ ಅತ್ವಿ. ಆಮೇಲೆ ಎಲ್ಲ ಮರೆತೂ ಹೋಯ್ತು. ಗಾಯ ಮಾಯ್ದು ಎಷ್ಟೋ ದಿನ ಆದ್ಮೇಲೆ ಒಂದು ಬೆಳಗ್ಗೆ, ಅಮ್ಮಾ, ಬೆರಳು ಜುಮ್ ಅಂತಿದೆ ಅಂದ."

ಗಾಳಿಗೆ ಬೀದಿಬಾಗಿಲು ಕಿರುಗುಟ್ಟಿತು. ಅವಳು ಅದರ ಕಡೆ ನೋಡಿದಳು. ಮೇಸ್ತ್ರಿ ಹೋಗಿ ಅದನ್ನು ಪೂರ್ತಿ ತೆರೆದು ಬಂದ.

"ಕೋಣೇಲಿ ಹಾಕಿ ಚಿಲಕ ಹಾಕಿದ್ರು. ಗಾಳಿ ತಾಗಿದ್ರೂ ಬೆಚ್ಚಿ ಬೀಳೋನು. ನನ್ನನ್ನ ಆ ಕಡೆ ಬಿಡ್ತಿರ್ಲಿಲ್ಲ. ಒಂದ್ಸಲ ದೊಡ್ಡೋರು ಯಾರೂ ಇಲ್ದಾಗ ಬಾಗಿಲ ಸಂದೀಲಿ ಬಾಯಿಟ್ಟು ಕರೆದ. ಗುಬ್ಬಿ ಅಂತಿದ್ದ ನನ್ನ. ಗುಬ್ಬೀ, ಬಾಯಾರಿದೆ ಕಣೇ, ಸ್ವಲ್ಪ ನೀರು ತಾರೇ, ಅಂದ. ಸ್ಟೂಲು ಹತ್ತಿ ಚಿಲಕ ತೆಗ್ದೆ. ಲೋಟ ಮುಂದೆ ಹಿಡ್ದೆ."

ಅವಳು ತನ್ನ ಕೈಯನ್ನು ನೋಡಿಕೊಂಡಳು.

"ನೀರು ನೋಡಿದ್ದೇ ಅವನ ಕತ್ತಿಂದ ಬಂತಲ್ಲ, ಆ ಸದ್ದು... ಹೇಳಕ್ಕಾಗಲ್ಲ ರೀ. ಲೋಟ ಬಿಸಾಕಿ ಹಿಂದಕ್ಕೆ ಬಿದ್ದೆ. ಅವನು ನನ್ನ ಮೇಲೆ ಬರ್ಲಿಲ್ಲ. ತಾನೇ ಬಾಗಿಲು ಎಳ್ಕೊಂಡ. ನನಗೇನಾದ್ರೂ ಆದೀತು ಅಂತ. ಬುದ್ಧಿ ಅಷ್ಟು ಸರಿಯಾಗಿತ್ತು ಅವನಿಗೆ. ಒಳಗಿಂದ ಏದುಸಿರು ಬಿಡ್ತಾ, ಗುಬ್ಬೀ, ಚಿಲಕ ಹಾಕು, ಅಂದ."

ಮೇಸ್ತ್ರಿ ಕಾದ.

"ಹಾಕ್ದೆ," ಎಂದಳು.

ಮಲಗಿದ್ದ ಮಗು ಮಗ್ಗುಲು ಬದಲಿಸಿತು. ತುಣುಕಿ ತಲೆಯೆತ್ತಿ ನೋಡಿ, ಮತ್ತೆ ಅದರ ಹೊಟ್ಟೆಯ ಹತ್ತಿರ ಮೂತಿ ಇಟ್ಟಿತು. ಮೇಸ್ತ್ರಿಯ ಕಣ್ಣು ತಾನಾಗಿ ಮನೆಯ ಬಾಗಿಲುಗಳ ಮೇಲೆ ಹೋಯಿತು. ನಡುಮನೆಯದಕ್ಕೆ ಅಂಟಿನ ಡಬ್ಬಿ, ಅಡುಗೆಮನೆಯದಕ್ಕೆ ಕೆಟ್ಟುಹೋದ ಇಸ್ತ್ರಿಪೆಟ್ಟಿಗೆ, ಮಲಗುವ ಕೋಣೆಯದಕ್ಕೆ ಮಡಿಸಿದ ಚೀಲ. ಸೆಕೆಗೆ, ಗಾಳಿಯಾಡಲಿಕ್ಕೆ ಎಂದುಕೊಂಡಿದ್ದ ಇಷ್ಟು ವರ್ಷ. ಚಳಿಗಾಲದಲ್ಲೂ ಬೈಯುತ್ತ ಹೊದಿಕೆ ಎಳೆದುಕೊಂಡಿದ್ದ. ಆ ಹುಡುಗ ಇಷ್ಟು ದಿನ ಈ ಮನೆಯಲ್ಲೇ ಇದ್ದ; ತನಗೆ ಮಾತ್ರ ಕಂಡಿರಲಿಲ್ಲ.

ಮಾರನೆಯ ಬೆಳಗ್ಗೆ ಮಗಳು ಮಗುವನ್ನು ಬಿಡಲು ಬಂದಾಗ ಮೇಸ್ತ್ರಿ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು, ನಾಯಿಯ ಹಗ್ಗ ಹಿಡಿದು ನಿಂತಿದ್ದ. "ಇವತ್ತೊಂದಿನ ಮಗೂನ ನಿನ್ನ ಹತ್ರಾನೇ ಇಟ್ಕೋ," ಎಂದ. ಮಗಳು ಅಪ್ಪನ ಮುಖ, ಹಗ್ಗ ಎರಡನ್ನೂ ನೋಡಿ, ಕೆಲಸಕ್ಕೆ ರಜಾ ಹೇಳಲು ಫೋನು ತೆಗೆದಳು.

ಆಸ್ಪತ್ರೆಯ ಹೊರಗೋಡೆಯ ಬಣ್ಣ ಬದಲಾಗಿತ್ತು. ಡಾಕ್ಟರೂ ಬದಲಾಗಿದ್ದರು. ಈಗಿದ್ದಾಕೆ ನಡುವಯಸ್ಸಿನವರು, ತೋಳಿನ ಮೇಲೆಲ್ಲ ಬೆಕ್ಕಿನ ಗೀರು, ಮಾತು ಕಡಿಮೆ. ದೊರೆಯ ವಿಷಯ ಹೇಳುವಾಗ ಮೇಸ್ತ್ರಿ ಅಲ್ಲಲ್ಲಿ ನಿಂತ. ಹೆಂಡತಿ ಅಲ್ಲಲ್ಲಿ ತುಂಬಿಕೊಟ್ಟಳು. ಡಾಕ್ಟರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು.

"ಅಪ್ಪನಿಗೆ ಆಗಿದ್ರೆ ಮಗಳಿಗೂ ಆಗಬಹುದು. ಆಗದೇನೂ ಇರಬಹುದು. ಆಗಲ್ಲ ಅಂತ ಮಾತ್ರ ನನ್ನ ಬಾಯಲ್ಲಿ ಹೇಳಿಸಬೇಡಿ."

"ಮತ್ತೆ ಹಾಕಿ ಅಂತ ಹೇಗೆ ಹೇಳ್ತೀರಿ ಮೇಡಂ?"

"ಸೂಜಿಯಿಂದ ಏನಾದ್ರೂ ಆಗೋದಿದ್ರೆ ಹೆಚ್ಚಾಗಿ ಇಲ್ಲೇ, ನನ್ನ ಕಣ್ಣೆದುರೇ ಆಗುತ್ತೆ. ಅದಕ್ಕೆ ಔಷಧಿ ಇದೆ. ಬಹಳ ಸಲ ಉಳಿಸ್ಕೋಬಹುದು. ಎಲ್ಲಾ ಸಲ ಅಂತ ಹೇಳಲ್ಲ. ಆ ಕಾಯಿಲೆ ಬಂದ್ರೆ ನನ್ನ ಹತ್ರ ಏನೂ ಇಲ್ಲ. ನಾಯಿಗೂ ಇಲ್ಲ, ಮನುಷ್ಯರಿಗೂ ಇಲ್ಲ." ಅವರು ತುಣುಕಿಯ ಕಿವಿ ಮಡಿಸಿ ಒಳಗೆ ನೋಡಿದರು. "ಎಲ್ಲಾನೂ ಒಟ್ಟಿಗೆ ಹಾಕಲ್ಲ. ಇವತ್ತು ಹುಚ್ಚುನಾಯಿ ರೋಗದ್ದೊಂದೇ. ಅಲರ್ಜಿಗೆ ಮೊದಲೇ ಒಂದು ಕೊಡ್ತೀನಿ. ಮಿಕ್ಕಿದ್ದು ಆಮೇಲೆ ನೋಡೋಣ. ಹಾಕಿದ್ಮೇಲೆ ಹೊರಗೆ ಬೆಂಚಿದೆ. ನಾನು ಹೋಗಿ ಅನ್ನೋವರೆಗೂ ಏಳಬಾರದು."

ಮೇಸ್ತ್ರಿ ಹಗ್ಗವನ್ನು ಕೈಗೆ ಸುತ್ತಿಕೊಂಡ. "ಅವತ್ತು ನಾನು ಇಲ್ಲೇ ಕೂತಿದ್ದಿದ್ರೆ...?"

ಡಾಕ್ಟರು ಅವನನ್ನು ನೋಡಿದರು. ಏನೋ ಹೇಳಹೊರಟು ಬೇರೇನೋ ಹೇಳಿದರು. "ಇವತ್ತು ಕೂತ್ಕೊಳಿ ಯಜಮಾನ್ರೇ."

ತಲೆ ಹಿಡಿದುಕೊಳ್ಳಬೇಕಾಗಿ ಬಂದಾಗ ಅವನ ಕೈ ನಾಯಿಯ ಕತ್ತಿನವರೆಗೆ ಹೋಗಿ ಅಲ್ಲೇ ನಿಂತಿತು. ಹೆಂಡತಿ ಅವನನ್ನು ಭುಜದಿಂದ ಸರಿಸಿ ತಾನು ಮುಂದೆ ಬಂದಳು. ನಾಯಿ ಎಂದರೆ ದೂರದಿಂದಲೇ ತಟ್ಟೆ ಸರಿಸುತ್ತಿದ್ದವಳು, ಮರಿಯನ್ನು ಸೆರಗಿನಲ್ಲಿಟ್ಟು ತಂದ ಆ ಒಂದು ದಿನ ಬಿಟ್ಟರೆ ಒಮ್ಮೆಯೂ ಅದರ ತಲೆ ಸವರದವಳು, ಈಗ ಎರಡೂ ತೋಳುಗಳಿಂದ ತುಣುಕಿಯನ್ನು ತಬ್ಬಿ, ಅದರ ಮೂತಿಯನ್ನು ತನ್ನ ಕತ್ತಿಗೆ ಒತ್ತಿಕೊಂಡಳು. ಅದರ ಹಲ್ಲು ಅವಳ ಚರ್ಮಕ್ಕೆ ಅಷ್ಟು ಹತ್ತಿರವಿತ್ತು. "ಆಯ್ತು, ಆಯ್ತು, ಆಗೋಯ್ತು," ಎನ್ನುತ್ತಿದ್ದಳು, ಸೂಜಿ ಇನ್ನೂ ಚುಚ್ಚುವ ಮೊದಲೇ.

ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಅಂಗಳದಲ್ಲಿ ಯಾರೋ ನೆಲ ತೊಳೆದಿದ್ದ ನೀರು ಇನ್ನೂ ಆರಿರಲಿಲ್ಲ. ತುಣುಕಿ ಮೇಸ್ತ್ರಿಯ ಪಾದದ ಮೇಲೆ ಕೂತು ಹೋಗಿಬರುವವರನ್ನು ನೋಡುತ್ತಿತ್ತು. ಅವನು ಮಾತ್ರ ಅದರ ಮುಖ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಹೆಂಡತಿ ಏನೋ ಕೇಳಿದಳು, ಅವನಿಗೆ ಕೇಳಿಸಲಿಲ್ಲ. ನಾಯಿ ಆಕಳಿಸಿತು. ಸೀನಿತು. ಮುಂಗಾಲಿನಿಂದ ಮೂತಿಯನ್ನು ಒಮ್ಮೆ ಉಜ್ಜಿಕೊಂಡಿತು. ಮತ್ತೊಮ್ಮೆ ಉಜ್ಜಿಕೊಂಡಿತು.

ಎಡಗಣ್ಣಿನ ಕೆಳಗೆ ಚರ್ಮ ಇಷ್ಟೇ ಇಷ್ಟು ಉಬ್ಬಿತ್ತು. ಬೇರೆ ಯಾರಿಗೂ ಕಾಣುತ್ತಿರಲಿಲ್ಲ.

"ಬಂತು," ಎಂದ ಮೇಸ್ತ್ರಿ.

ಎತ್ತಿಕೊಂಡು ಓಡಿದ. ಇಬ್ಬರೂ ಎದ್ದ ರಭಸಕ್ಕೆ ಬೆಂಚು ಹಿಂದಕ್ಕೆ ಉರುಳಿತು. ಬಾಗಿಲ ಬಳಿ ಬರುವುದರೊಳಗೆ ತುಣುಕಿ ಅವನ ತೋಳಿನ ಮೇಲೆ ವಾಂತಿ ಮಾಡಿತು, ಅದರ ಮೈಯೆಲ್ಲ ಒದ್ದೆ ಬಟ್ಟೆಯ ಹಾಗೆ ಭಾರವಾಯಿತು. ಡಾಕ್ಟರು ಒಂದು ಬೆಕ್ಕನ್ನು ಹಾಗೇ ಬುಟ್ಟಿಗೆ ತಳ್ಳಿ ಮೇಜು ಖಾಲಿ ಮಾಡಿದರು. ತೊಡೆಗೆ ಒಂದು ಸೂಜಿ. ತುಟಿ ಎತ್ತಿ ವಸಡಿನ ಬಣ್ಣ ನೋಡಿದರು, ಅದು ಬಿಳಿಚಿತ್ತು. ಮುಂಗಾಲಿನ ಕೂದಲು ಕೆರೆದು ನಾಳ ಹುಡುಕಿದರು. ಮೇಸ್ತ್ರಿ ಮೇಜಿನ ಅಂಚಿಗೆ ಮಂಡಿಯೂರಿ, ನಾಯಿಯ ಕಣ್ಣಿಗೆ ನೇರವಾಗಿ ತನ್ನ ಮುಖ ತಂದ. ಅದೇ ನೋಟ. ಅದೇ, ಇವನು ಸರಿ ಮಾಡುತ್ತಾನೆ ಎನ್ನುವ ನೋಟ. ಅವನು ಕಣ್ಣು ತಪ್ಪಿಸಲಿಲ್ಲ. ಆಟೋದಲ್ಲಿ ತಪ್ಪಿಸಿದ್ದ, ಕೊನೆಯ ಗಳಿಗೆಯಲ್ಲಿ, ತಾಳಲಾರದೆ ಬೀದಿಯ ಕಡೆ ತಿರುಗಿದ್ದ. ಈಗ ತಪ್ಪಿಸಲಿಲ್ಲ.

ಹಿಂದೆ ನಿಂತಿದ್ದ ಹೆಂಡತಿ, "ನಾನೇ ಹೇಳಿದ್ದು, ನಾನೇ ಹೇಳಿದ್ದು," ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದಳು. ಅವನು ಹಿಂದಕ್ಕೆ ಕೈ ಚಾಚಿ ಅವಳ ಮಣಿಕಟ್ಟನ್ನು ಹಿಡಿದುಕೊಂಡ.

ಎಷ್ಟೋ ಹೊತ್ತಿನ ಮೇಲೆ ಡಾಕ್ಟರು ತುಟಿ ಎತ್ತಿ ಮತ್ತೆ ನೋಡಿ, "ಬಣ್ಣ ಬರ್ತಿದೆ," ಎಂದರು. ಆಮೇಲೆ ಕುರ್ಚಿ ಎಳೆದು ಕೂತು, ತಮ್ಮ ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡರು.

"ಮುಂದಿನ ಸಲ ಏನು ಮಾಡೋದು ಮೇಡಂ?" ಹೆಂಡತಿ ಕೇಳಿದಳು.

"ಮುಂದಿನ ಸಲ ಬರ್ಲಿ. ಹಾಕೋದೇ ಬೇಡ ಅಂತ ಆದ್ರೂ ಆಗಬಹುದು, ಬೇರೆ ಥರದ್ದು ನೋಡಬಹುದು. ಆಗ ಮತ್ತೆ ಕೂತು ಯೋಚಿಸೋಣ. ಇವತ್ತಂತೂ ಸಂಜೆವರೆಗೂ ಇಲ್ಲೇ ಇರಿ."

ಬೆಂಚನ್ನು ಎತ್ತಿ ನಿಲ್ಲಿಸಿ ಮತ್ತೆ ಕೂತರು. ಉಸಿರು ಸರಿಹೋಗಿದ್ದರೂ ತುಣುಕಿಯ ಮುಖದ ಊತ ಇಳಿದಿರಲಿಲ್ಲ. ಎರಡೂ ಕಣ್ಣು ಸಣ್ಣ ಸೀಳಾಗಿದ್ದವು, ಮೂತಿ ಚೌಕವಾಗಿತ್ತು.

"ಯಾರೋ ಹೊಸಬ ತುಂಬಿದ ದಿಂಬಿನ ಹಾಗಿದೆ," ಎಂದ ಮೇಸ್ತ್ರಿ. "ಮೂಲೆಗಳಿಗೆಲ್ಲ ಹತ್ತಿ ಜಾಸ್ತಿ."

ಹೆಂಡತಿ ನಗಲು ಹೋಗಿ ಅತ್ತಳು. ಅಳುತ್ತಲೇ ನಕ್ಕಳು. ನಾಯಿಯ ತಲೆ ಅವಳ ತೊಡೆಯ ಮೇಲಿತ್ತು. ಅದರ ಬಾಯಂಚಿನ ಜೊಲ್ಲನ್ನು ಅವಳು ಸೆರಗಿನಿಂದ ಒರೆಸಿದಳು, ಆಗಾಗ, ಯೋಚನೆ ಮಾಡದೆ.

ಬಿಸಿಲು ಅಂಗಳ ದಾಟುವ ಹೊತ್ತಿಗೆ ಖಾಕಿ ಅಂಗಿಯ ಒಬ್ಬ ಮನುಷ್ಯ ಬಂದ. ವ್ಯಾನೋ ಬಸ್ಸೋ ಓಡಿಸುವವನಿರಬೇಕು. ಅಂಗಿಯ ಎರಡು ಗುಂಡಿಗಳ ನಡುವಿನಿಂದ ಒಂದು ನಾಯಿಮರಿಯ ಮೂತಿ ಹೊರಗೆ ಇಣುಕುತ್ತಿತ್ತು. ಒಳಗೆ ಹೋಗಲು ಹೊರಟವನು ತುಣುಕಿಯನ್ನು ಕಂಡು ಅಲ್ಲೇ ನಿಂತ.

"ಏನಾಯ್ತು ಇದಕ್ಕೆ? ಜೇನು ಕಚ್ಚಿತಾ?"

ಮೇಸ್ತ್ರಿ ಅವನ ಮುಖ ನೋಡಿದ. "ಇಲ್ಲ. ಸೂಜಿಯಿಂದ."

ಆ ಮನುಷ್ಯನ ಕೈ ತಾನಾಗಿ ಅಂಗಿಯೊಳಗಿನ ಮರಿಯ ಮೇಲೆ ಹೋಯಿತು. "ನಾನೂ ಅದಕ್ಕೇ ಬಂದಿದ್ದು," ಎಂದ. ಬಾಗಿಲನ್ನು ನೋಡಿದ, ಬಂದ ದಾರಿಯನ್ನು ನೋಡಿದ. "ಹಾಕಿಸ್ಲಾ, ಬೇಡ್ವಾ? ಮನೇಲಿ ಸಣ್ಣ ಮಕ್ಕಳಿದ್ದಾವೆ."

ಹೆಂಡತಿ ಗಂಡನ ಕಡೆ ತಿರುಗಿದಳು. ಅವನ ಕೈ ತುಣುಕಿಯ ಪಕ್ಕೆಲುಬಿನ ಮೇಲಿತ್ತು. ಅದು ಏರುತ್ತಿತ್ತು, ಇಳಿಯುತ್ತಿತ್ತು.

"ಹಾಕಿಸಿ," ಎಂದ ಕೊನೆಗೆ. "ಹಾಕಿಸ್ಕೊಂಡು ಇಲ್ಲಿ ಬಂದು ಕೂತ್ಕೊಳಿ. ಎದ್ದು ಹೋಗಬೇಡಿ."

ಆ ಮನುಷ್ಯ ಇನ್ನೂ ನಿಂತೇ ಇದ್ದ. ಮೇಸ್ತ್ರಿ ಹೆಂಡತಿಯ ಕಡೆಗೆ ಒತ್ತಿಕೊಂಡು, ಬೆಂಚಿನ ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟ.